ಪಿಕಪ್ ಬೆನ್ನಿಗೊಂದು ಕೋಣೆ: ಮಲೆನಾಡಿಗೆ ಯಾವ ಕ್ಯಾಂಪರ್?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಕಡೆಯ ಅಡಿಕೆ ಮನೆಗಳಲ್ಲಿ ಪಿಕಪ್ ಎಂದರೆ ಬಿಡುವಿಲ್ಲದೆ ದುಡಿಯುವ ಗಾಡಿ. ಮಳೆ ಹಿಡಿಯುವ ಮುಂಚೆ ಗೊಬ್ಬರ, ಸುಣ್ಣ, ಮೈಲುತುತ್ತ ತರಬೇಕು. ಕೊಳೆಗೆ ಬೋರ್ಡೋ ಹೊಡೆಯುವ ದಿನ ಡ್ರಮ್ಮು, ಪಂಪು, ಪೈಪು ಹೊರಬೇಕು. ಕೊನೆ ಕೊಯ್ಲು ಶುರುವಾದರೆ ಹಸಿ ಅಡಿಕೆ ತೋಟದಿಂದ ಅಂಗಳಕ್ಕೆ ಬರಬೇಕು, ಒಣಗಿದ ಮೇಲೆ ಮಂಡಿಗೆ ಹೋಗಬೇಕು. ಈ ಕೆಲಸಗಳ ನಡುನಡುವೆ ಗಾಡಿ ಸುಮ್ಮನೆ ನಿಲ್ಲುವ ದಿನಗಳೂ ಇವೆ. ಆಗ ಅದರ ಮೇಲೆ ಒಂದು ಕೋಣೆ ಏರಿಸಿಕೊಂಡು ಮನೆಮಂದಿ ನಾಲ್ಕು ದಿನ ತಿರುಗಾಡಿ ಬಂದು, ಮರುದಿನ ಕೋಣೆಯನ್ನು ಇಳಿಸಿ ಮತ್ತೆ ಗೊಬ್ಬರ ತುಂಬುವಂತಿದ್ದರೆ? ಟ್ರಕ್ ಕ್ಯಾಂಪರ್ ಎಂಬ ವಸ್ತುವಿನ ಬಗ್ಗೆ ನನಗೆ ಆಸೆ ಹುಟ್ಟಿದ್ದು ಈ ಕಾರಣಕ್ಕೆ.

ಡಬಲ್ ಕ್ಯಾಬಿನ್ನಿನ ಬೊಲೆರೊ ಕ್ಯಾಂಪರ್ ಗಾಡಿ ನಮಗೆಲ್ಲ ಗೊತ್ತು, ಇದು ಅದಲ್ಲ. ಇದು ನಾಲ್ಕು ಮೂಲೆಗೆ ನಾಲ್ಕು ಜಾಕ್ ಇರುವ, ಹಾಸಿಗೆ, ಒಲೆ, ನೀರಿನ ಟ್ಯಾಂಕು ಎಲ್ಲವೂ ಒಳಗೇ ಇರುವ ಒಂದು ಪೆಟ್ಟಿಗೆ ಮನೆ. ಜಾಕ್ ಮೇಲೆ ಎತ್ತಿ ನಿಲ್ಲಿಸಿದ ಅದರಡಿಗೆ ಪಿಕಪ್ಪನ್ನು ರಿವರ್ಸ್ ತಂದು, ಮೆಲ್ಲಗೆ ಇಳಿಸಿ, ನಾಲ್ಕೂ ಕಡೆ ಚಾಸಿಗೆ ಟರ್ನ್‌ಬಕಲ್ ಹಾಕಿ ಬಿಗಿದರೆ ಹೊರಡಬಹುದು. ಕೇರಳ ಸರ್ಕಾರ 2021ರಲ್ಲಿ ‘ಕೆರವಾನ್ ಕೇರಳ’ ಯೋಜನೆ ತಂದಾಗ ಭಾರತ್‌ಬೆಂಜ್ 1017 ಚಾಸಿಯ ಮೇಲೆ ಕಟ್ಟಿದ ಕ್ಯಾರವಾನ್ ಬಂತು. ಬಲು ಅಚ್ಚುಕಟ್ಟಾದ ಗಾಡಿ. ಆದರೆ ಅದು ಮನೆಯಾಗಿಯೇ ಇರಬೇಕಾದ ವಾಹನ. ವರ್ಷದಲ್ಲಿ ಹತ್ತು ತಿಂಗಳು ಶೆಡ್ಡಿನಲ್ಲಿ ನಿಲ್ಲಿಸಲು ಅಷ್ಟು ದುಡ್ಡು ಹಾಕುವ ಶಕ್ತಿ ಹಳದಿ ಎಲೆ ರೋಗ, ಎಲೆ ಚುಕ್ಕಿ ರೋಗದಲ್ಲಿ ನಲುಗಿರುವ ತೋಟಗಳಿಗೆ ಇಲ್ಲ. ಕೆಳಗಿಳಿಯುವ ಕೋಣೆಗೆ ಆ ತೊಂದರೆಯಿಲ್ಲ. ಹಾಗಾಗಿ ಮಾದರಿಗಳನ್ನು ಹೋಲಿಸುವಾಗ ‘ಎಷ್ಟು ಜನ ಮಲಗಬಹುದು’ ಎನ್ನುವುದಕ್ಕಿಂತ ಮುಂಚೆ ‘ಮನೆಯವರಿಬ್ಬರೇ ಇದನ್ನು ಇಳಿಸಿ ಏರಿಸಬಹುದೇ’ ಎಂದು ಕೇಳುವುದು ಸರಿ.

ಈ ಕಸುಬು ಬೆಳೆದದ್ದು ಅಮೆರಿಕ, ಕೆನಡಾಗಳಲ್ಲಿ. ಲೇಖಕ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಜಿಎಂಸಿ ಪಿಕಪ್ ಮೇಲೆ ಇಂಥದೇ ಕೋಣೆ ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯ ಜೊತೆ ಇಡೀ ದೇಶ ಸುತ್ತಿ ಬಂದರು. ಆ ಗಾಡಿ ಇವತ್ತಿಗೂ ಕ್ಯಾಲಿಫೋರ್ನಿಯಾದ ಸಲಿನಾಸಿನ ಸ್ಟೈನ್‌ಬೆಕ್ ವಸ್ತುಸಂಗ್ರಹಾಲಯದಲ್ಲಿದೆ. ಅಲ್ಲಿನ ಮಾದರಿಗಳು ನಮ್ಮ ಶೋರೂಮುಗಳಲ್ಲಿ ಸಿಗುವುದಿಲ್ಲ. ಆದರೂ ಅವನ್ನು ಸೂಕ್ಷ್ಮವಾಗಿ ನೋಡಬೇಕು, ಏಕೆಂದರೆ ಶಿವಮೊಗ್ಗದಲ್ಲೋ ಮಂಗಳೂರಿನಲ್ಲೋ ಬಾಡಿ ಕಟ್ಟುವವರ ಹತ್ತಿರ ಹೋಗುವ ಮುಂಚೆ ನಮಗೆ ಏನು ಬೇಕು, ಏನು ಬೇಡ ಎಂಬುದು ತಿಳಿದಿರಬೇಕು.

ಒಂದು ತುದಿಯಲ್ಲಿ ಹೋಸ್ಟ್ ಕಂಪನಿಯ ಮ್ಯಾಮತ್ ಇದೆ. ನಿಲ್ಲಿಸಿದ ಮೇಲೆ ಗೋಡೆಗಳು ಮೂರು ಕಡೆ ಹೊರಗೆ ಸರಿದು ಒಳಗೆ ಹಜಾರದಷ್ಟು ಜಾಗವಾಗುತ್ತದೆ. ಹೀಗೆ ಸರಿಯುವ ಭಾಗಕ್ಕೆ ಸ್ಲೈಡ್-ಔಟ್ ಎನ್ನುತ್ತಾರೆ. ಲ್ಯಾನ್ಸ್ 1172 ಕೂಡ ಅದೇ ವರ್ಗದ್ದು. ಖಾಲಿ ತೂಕವೇ ಸುಮಾರು 1,900 ಕಿಲೋ. ಹಿಂದೆ ಜೋಡಿ ಚಕ್ರವಿರುವ ದೊಡ್ಡ ಟ್ರಕ್ಕೇ ಇವುಗಳಿಗೆ ಬೇಕು. ಅದೇ ಲ್ಯಾನ್ಸ್‌ನ 650 ಎಂಬ ಚಿಕ್ಕ ಮಾದರಿ ಸುಮಾರು 770 ಕಿಲೋಗೆ ಇಳಿಯುತ್ತದೆ. ಕ್ಯಾಬಿನ್ ಮೇಲೆ ಇಬ್ಬರ ಹಾಸಿಗೆ, ಒಂದು ಪುಟ್ಟ ಊಟದ ಮೇಜು, ಅಡುಗೆ ಕಟ್ಟೆ, ಸ್ನಾನ–ಶೌಚ ಒಂದೇ ಕಡೆ ಇರುವ ಬಚ್ಚಲು, ಇಷ್ಟನ್ನೂ ಅದರಲ್ಲಿ ಹೊಂದಿಸಿದ್ದಾರೆ. ವಾಷಿಂಗ್ಟನ್ ರಾಜ್ಯದ ಸ್ಕೌಟ್ ಇನ್ನೂ ಹಗುರ, ಅದರ ಒಲಿಂಪಿಕ್ ಮಾದರಿ ಐನೂರು ಕಿಲೋ ಆಸುಪಾಸು. ಅದರಲ್ಲಿ ಕೂಡಿಸಿದ ನೀರಿನ ಪೈಪಿಲ್ಲ, ಬಚ್ಚಲಿಲ್ಲ. ನೀರು ತುಂಬಿದ ಕ್ಯಾನ್ ತಂದಿಡುವುದು, ಖಾಲಿಯಾದರೆ ಹೊರಗೊಯ್ದು ತುಂಬುವುದು. ನನಗೆ ಈ ಮಾದರಿಯ ಮೇಲೆ ವಿಶೇಷ ಪ್ರೀತಿ. ಕೆಡುವಂಥದ್ದು ಕಡಿಮೆ ಇದ್ದಷ್ಟೂ ಹಳ್ಳಿಯಲ್ಲಿಟ್ಟುಕೊಳ್ಳುವುದು ಸುಲಭ.

ಇನ್ನು ಮಾಡಿನ ವಿಚಾರ. ಮಲೆನಾಡಿನವರು ಮನೆ ಕಟ್ಟುವಾಗ ಮೊದಲು ಯೋಚಿಸುವುದು ಮಾಡನ್ನೇ, ಕ್ಯಾಂಪರಿಗೂ ಅದೇ ಬುದ್ಧಿ ಬೇಕು. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ. ಕೆರೆಕಟ್ಟೆ, ಕಿಗ್ಗದ ಕಡೆಯೂ ಆಷಾಢದಲ್ಲಿ ಸೂರ್ಯನ ಮುಖ ಕಾಣುವುದು ಕಷ್ಟ. ಪೂರ್ವಕ್ಕೆ ಬಂದಂತೆ ಮಳೆ ಇಳಿಯುತ್ತ, ನರಸಿಂಹರಾಜಪುರ ಮುಟ್ಟುವಾಗ ಬಹಳಷ್ಟು ಕಡಿಮೆಯಾಗಿರುತ್ತದೆ. ಅಂದರೆ ಈ ಮೂರು ತಾಲ್ಲೂಕುಗಳಿಗೂ ಒಂದೇ ಉತ್ತರ ಸಾಲದು.

ಫೋರ್ ವ್ಹೀಲ್ ಕ್ಯಾಂಪರ್ಸ್ ಎಂಬ ಕಂಪನಿ 1972ರಿಂದ ಪಾಪ್-ಅಪ್ ಮಾದರಿ ಮಾಡುತ್ತಿದೆ. ಫ್ಲೀಟ್, ಹಾಕ್, ಗ್ರಾಂಡ್‌ಬಿ ಎಂದು ಪಿಕಪ್ಪಿನ ಅಳತೆಗೆ ತಕ್ಕಂತೆ ಬೇರೆ ಬೇರೆ ಹೆಸರು. ಓಡುವಾಗ ಮಾಡು ಕೆಳಗೆ ಕೂತಿರುತ್ತದೆ, ನಿಂತ ಮೇಲೆ ಮೇಲಕ್ಕೆ ತಳ್ಳಿದರೆ ನಡುವೆ ದಪ್ಪ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುತ್ತದೆ. ಹಗುರ, ತಗ್ಗು, ಗಾಳಿಗೆ ಓಲಾಡುವುದಿಲ್ಲ. ಎಲ್ಲವೂ ಚೆನ್ನ, ಆದರೆ ಒದ್ದೆ ಬಟ್ಟೆಯ ಗೋಡೆಯನ್ನು ಮಡಚಿ ಮುಚ್ಚಿಟ್ಟರೆ ಮೂರೇ ದಿನದಲ್ಲಿ ಬೂಷ್ಟು ಹಿಡಿಯುತ್ತದೆ. ನರಸಿಂಹರಾಜಪುರದವರು ಡಿಸೆಂಬರಿನಿಂದ ಏಪ್ರಿಲ್‌ವರೆಗೆ ತಿರುಗಾಡುವುದಾದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಶೃಂಗೇರಿಯಿಂದ ಪಶ್ಚಿಮಕ್ಕೆ ನಾನು ಇದನ್ನು ಹೇಳಲಾರೆ.

ಅಲ್ಲಿಗೆ ಗಟ್ಟಿ ಗೋಡೆಯೇ ಬೇಕು. ಅದರಲ್ಲೂ ಎರಡು ದಾರಿಯಿವೆ. 1958ರಿಂದ ತಯಾರಾಗುತ್ತಿರುವ ಅಲಾಸ್ಕನ್ ಕ್ಯಾಂಪರಿನಲ್ಲಿ ಮೇಲಿನ ಅರ್ಧ ಕೆಳಗಿನ ಅರ್ಧದ ಮೇಲೆ ಡಬ್ಬದ ಮುಚ್ಚಳದ ಹಾಗೆ ಇಳಿಯುತ್ತದೆ. ಎತ್ತುವುದು ಹೈಡ್ರಾಲಿಕ್ ಪಂಪು. ಬಟ್ಟೆಯೇ ಇಲ್ಲ, ಎತ್ತರವೂ ತಗ್ಗುತ್ತದೆ. ಪಂಪು, ಸೀಲುಗಳನ್ನು ನೋಡಿಕೊಳ್ಳುವ ಕೆಲಸ ಮಾತ್ರ ಹೆಚ್ಚು. ಇನ್ನೊಂದು, ಕೆನಡಾದ ನಾರ್ದರ್ನ್ ಲೈಟ್ ಹಿಡಿದ ದಾರಿ. ಇಡೀ ಕೋಣೆಯನ್ನು ಎರಡೇ ಫೈಬರ್‌ಗ್ಲಾಸ್ ಚಿಪ್ಪುಗಳಲ್ಲಿ ಎರಕ ಹೊಯ್ದು, ನಡುಮಟ್ಟದಲ್ಲಿ ಒಂದಕ್ಕೊಂದು ಕೂಡಿಸುತ್ತಾರೆ. ಮಾಡಿನ ಅಂಚಿನಲ್ಲಿ ಜೋಡಣೆಯೇ ಇರುವುದಿಲ್ಲ. ಶೀಟು ಹೊಡೆದು ಕಟ್ಟಿದ ಕ್ಯಾಂಪರುಗಳು ಸೋರಲು ಶುರುವಾಗುವುದು ಬಹುತೇಕ ಆ ಅಂಚಿನಲ್ಲೇ, ಇಲ್ಲವೇ ಫ್ಯಾನಿಗೋ ಕಿಟಕಿಗೋ ಕೊರೆದ ತೂತಿನಲ್ಲಿ. ಒಳಗೆ ಮರದ ಚೌಕಟ್ಟು ಇದ್ದರೆ ಸೋರಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಅದು ಕೊಳೆತಿರುತ್ತದೆ. ಇಲ್ಲಿ ಕಟ್ಟಿಸುವವರು ಅಲ್ಯೂಮಿನಿಯಂ ಚೌಕಟ್ಟು ಹಾಕಿಸಿ, ಮಾಡಿನ ಶೀಟನ್ನು ಒಂದೇ ತುಂಡಿನಲ್ಲಿ ಹಾಸಿ ಎರಡೂ ಬದಿಗೆ ನಾಲ್ಕು ಬೆರಳು ಇಳಿಬಿಡಿ ಎಂದು ಪಟ್ಟುಹಿಡಿದು ಹೇಳಬೇಕು. ಬಾಗಿಲ ಮೇಲೆ ಒಂದು ಸಣ್ಣ ಸೂರೂ ಬೇಕು.

ಒಳಗಿನ ವಿನ್ಯಾಸಕ್ಕೆ ಬಂದರೆ ನಮ್ಮ ಪಿಕಪ್ಪುಗಳಿಗೆ ಅಮೆರಿಕದವುಗಳಿಗಿಲ್ಲದ ಒಂದು ಅನುಕೂಲವಿದೆ. ಅಲ್ಲಿನ ಪಿಕಪ್ಪಿನ ಬಾಡಿಯೊಳಗೆ ಹಿಂಚಕ್ರದ ಗೂಡುಗಳು ಉಬ್ಬಿಕೊಂಡಿರುತ್ತವೆ. ಹಾಗಾಗಿ ಕ್ಯಾಂಪರಿನ ಕೆಳಭಾಗ ಇಕ್ಕಟ್ಟಾಗಿ, ಮೇಲೆ ಹೋದಂತೆ ಅಗಲವಾಗುತ್ತದೆ. ಅಲ್ಲಿನ ವಿನ್ಯಾಸದ ಅರ್ಧ ಜಾಣತನ ಈ ಇಕ್ಕಟ್ಟನ್ನು ಹೊಂದಿಸಲೇ ಖರ್ಚಾಗಿದೆ. ಮಹೀಂದ್ರದ ಬೊಲೆರೊ ಪಿಕಪ್ಪಿನಲ್ಲಿ ಬಾಡಿಯ ನೆಲ ಚಕ್ರದ ಮೇಲೆ ಬರುತ್ತದೆ, ಚಪ್ಪಟೆಯಾಗಿದೆ, ಪಕ್ಕದ ಡೋರುಗಳೂ ಬಿಚ್ಚುತ್ತವೆ. ಎಕ್ಸ್‌ಟ್ರಾ ಲಾಂಗ್ ಮಾದರಿಯ ಬಾಡಿ 3,050 ಮಿಲಿಮೀಟರ್, ಅಂದರೆ ಹತ್ತು ಅಡಿ ಉದ್ದ. ಅಗಲ ಐದೂವರೆ ಅಡಿಯ ಮೇಲೆ. ಹೊರುವ ಭಾರ 1.7 ಟನ್. ಟಾಟಾ ಏಸ್‌ನಲ್ಲಿ ಏಳಡಿ ಉದ್ದ, ಐದಡಿಗೆ ತುಸು ಕಡಿಮೆ ಅಗಲ, ಮುಕ್ಕಾಲು ಟನ್ ಭಾರ. ಶೋಕಿಗೆ ಕೊಳ್ಳುವ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ಗಳು ಗುಡ್ಡ ಹತ್ತುವುದರಲ್ಲಿ ಇವೆಲ್ಲವನ್ನೂ ಮೀರಿಸುತ್ತವೆ, ಆದರೆ ಅವುಗಳ ಬಾಡಿ ಬರೀ ಐದಡಿ. ಅಷ್ಟರಲ್ಲಿ ಡೇರೆಯೋ ಪಾಪ್-ಅಪ್ಪೋ ಕೂರಬಹುದೇ ಹೊರತು ಕೋಣೆ ಆಗದು.

ಹತ್ತಡಿ ಬಾಡಿಯಲ್ಲಿ ಹಾಸಿಗೆಯನ್ನು ಎಲ್ಲಿ ಹಾಕುವುದು? ಅಡ್ಡಲಾಗಿ ಹಾಕಿದರೆ ಗೋಡೆಯ ದಪ್ಪ ಕಳೆದು ಐದಡಿ ಚಿಲ್ಲರೆ ಉಳಿಯುತ್ತದೆ. ಮಕ್ಕಳಿಗೆ ಸಾಕು, ದೊಡ್ಡವರು ಕಾಲು ಮಡಚಬೇಕು. ಉದ್ದಕ್ಕೆ ಹಾಕಿದರೆ ಆರೂಕಾಲು ಅಡಿ ಹಾಸಿಗೆಗೇ ಹೋಗಿ, ಒಲೆಗೂ ಓಡಾಟಕ್ಕೂ ಮೂರೂಮುಕ್ಕಾಲು ಅಡಿ ಮಿಗುತ್ತದೆ. ಕ್ಯಾಬಿನ್ ಮೇಲೆ ಅಟ್ಟದಂತೆ ಚಾಚಿಸಿದರೆ ನೆಲವೆಲ್ಲ ಖಾಲಿ. ಅಮೆರಿಕದ ಹೆಚ್ಚಿನ ಮಾದರಿಗಳು ಹೀಗೇ ಇವೆ. ಅಟ್ಟಕ್ಕೆ ಹತ್ತಲು ಮಂಡಿ ಗಟ್ಟಿಯಿರಬೇಕು, ಮನೆಯಲ್ಲಿ ಹಿರಿಯರಿದ್ದರೆ ಕೆಳಗೂ ಒಂದು ಮಲಗುವ ಜಾಗ ಬೇಕು. ಎದುರುಬದುರು ಎರಡು ಬೆಂಚು, ನಡುವೆ ಮೇಜು, ರಾತ್ರಿ ಮೇಜು ತಗ್ಗಿಸಿ ದಿಂಬು ಜೋಡಿಸಿದರೆ ಹಾಸಿಗೆ. ಈ ಹಳೆಯ ಉಪಾಯವನ್ನು ಮೀರಿಸುವಂಥದ್ದು ಇನ್ನೂ ಬಂದಿಲ್ಲ.

ಬಚ್ಚಲಿನ ವಿಷಯದಲ್ಲಿ ಮಾತ್ರ ನಾನು ಅಲ್ಲಿಯವರನ್ನು ಅನುಸರಿಸುವುದಿಲ್ಲ. ಸ್ನಾನಕ್ಕೂ ಶೌಚಕ್ಕೂ ಬೇರೆ ಬೇರೆ ಜಾಗವಿರುವ ಮಾದರಿಗಳಲ್ಲಿ ನೆಲದ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ನೂರು ಲೀಟರ್ ನೀರೆಂದರೆ ನೂರು ಕಿಲೋ ತೂಕ, ಕೊಳಕು ನೀರಿನ ಟ್ಯಾಂಕು ಬೇರೆ. ನಮ್ಮಲ್ಲಿ ಯಾವ ನೆಂಟರ ಮನೆಗೆ ಹೋದರೂ ಹಂಡೆ ತುಂಬ ಬಿಸಿನೀರು ಕಾದಿರುತ್ತದೆ. ಆ ಜಾಗದಲ್ಲಿ ನಮಗೆ ಬೇಕಾದದ್ದು ಬೇರೆಯೇ: ಹಿಂಬಾಗಿಲ ಪಕ್ಕ ಎರಡಡಿ ಚೌಕದ, ತಗ್ಗಿಸಿದ ನೆಲದ, ನೀರು ಹರಿದುಹೋಗುವ ಒದ್ದೆ ಮೂಲೆ. ರೇನ್‌ಕೋಟು, ಕೊಡೆ, ಕೆಸರು ಮೆತ್ತಿದ ಚಪ್ಪಲಿ ಅಲ್ಲೇ ಉಳಿಯಬೇಕು. ಇಂಬಳ ಕಿತ್ತು ಕಾಲು ತೊಳೆಯುವುದೂ ಅಲ್ಲೇ. ತಳದಲ್ಲಿ ಕ್ಯಾಸೆಟ್ ಟಾಯ್ಲೆಟ್ ಒಂದನ್ನು ಸರಿಸಿಟ್ಟರೆ ರಾತ್ರಿಯ ಅವಸರಕ್ಕೂ ಆಯಿತು. ಒದ್ದೆ ಒಳಗೆ ಬಾರದಂತೆ ತಡೆಯದ ಕ್ಯಾಂಪರಿನಲ್ಲಿ ಎಷ್ಟು ಮೆತ್ತನೆಯ ಹಾಸಿಗೆ ಇದ್ದರೂ ಜುಲೈ ತಿಂಗಳಲ್ಲಿ ನಿದ್ದೆ ಬರುವುದಿಲ್ಲ.

ಎತ್ತರದ ಲೆಕ್ಕ ಹಾಕೋಣ. ಬಾಡಿಯ ನೆಲ ರಸ್ತೆಯಿಂದ ಸುಮಾರು ಮೂರಡಿ. ಒಳಗೆ ತಲೆ ತಾಗದೆ ನಿಲ್ಲಲು ಆರೂಕಾಲು ಅಡಿ, ಮಾಡಿನ ದಪ್ಪ ಸೇರಿದರೆ ಒಂಬತ್ತೂವರೆ ಅಡಿ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿ, 2020ರಲ್ಲಿ ನಿಂತುಹೋದ ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳು ಓಡಾಡಿದ ರಸ್ತೆಗಳಲ್ಲಿ ಇಂಥ ಗಾಡಿ ಧಾರಾಳವಾಗಿ ಹೋಗುತ್ತದೆ. ತೊಡಕಿರುವುದು ಬಸ್ಸು ಹೋಗದ ಕೊನೆಯ ಅರ್ಧ ಕಿಲೋಮೀಟರಿನಲ್ಲಿ. ಬಾಗಿದ ಹಲಸಿನ ಕೊಂಬೆ, ಜೋತುಬಿದ್ದ ಕರೆಂಟಿನ ತಂತಿ, ಅಡಿಕೆ ಸೋಗೆ, ಊರ ಬಾಗಿಲಿನ ಕಮಾನು, ಒಂದು ಕಡೆಗೆ ವಾಲಿದ ಮಣ್ಣಿನ ರಸ್ತೆ. ಅಲ್ಲಿ ಎತ್ತರದ ಗಾಡಿಗೆ ತೂಕ ಮೇಲಿದ್ದರೆ ಅಪಾಯ. ನೀರು, ಬ್ಯಾಟರಿ, ಗ್ಯಾಸು ನೆಲಮಟ್ಟದಲ್ಲಿ, ಹಿಂದಿನ ಆಕ್ಸಲಿಗಿಂತ ಮುಂದಕ್ಕೆ ಇರಬೇಕು. ಅಮೆರಿಕದ ಕ್ಯಾಂಪರುಗಳ ಪಕ್ಕದಲ್ಲಿ ಗುರುತ್ವ ಕೇಂದ್ರ ಎಲ್ಲಿದೆಯೆಂದು ಗುರುತು ಹಾಕಿರುತ್ತಾರೆ. ಇಲ್ಲಿ ಕಟ್ಟುವವರ ಹತ್ತಿರವೂ ಅದನ್ನು ಕೇಳಿ ಹಾಕಿಸಬೇಕು.

ಈ ದೃಷ್ಟಿಯಿಂದ ಅಮೆರಿಕಕ್ಕಿಂತ ಜಪಾನ್ ನಮಗೆ ಹತ್ತಿರ. ಅಲ್ಲಿನ ‘ಕೇ’ ಟ್ರಕ್ಕುಗಳು 3.4 ಮೀಟರ್ ಉದ್ದ, 1.48 ಮೀಟರ್ ಅಗಲ, 660 ಸಿಸಿ ಎಂಜಿನ್ನಿನ ಮಿತಿಯೊಳಗೆ ತಯಾರಾಗುತ್ತವೆ. ಹೊರುವುದು 350 ಕಿಲೋ ಅಷ್ಟೆ. ಗದ್ದೆ ಕೆಲಸಕ್ಕೆ ಹುಟ್ಟಿದ ಆ ಪುಟ್ಟ ಗಾಡಿಗಳಿಗೂ ಏರಿಸಿ ಇಳಿಸುವ ಕೋಣೆಗಳನ್ನು ಅಲ್ಲಿಯವರು ಮಾಡಿದ್ದಾರೆ. ಇಬ್ಬರು ಮಲಗಿ, ಕಾಫಿ ಕಾಯಿಸಿಕೊಂಡು, ಕೂತು ಮಳೆ ನೋಡಲು ಅದು ಸಾಕು. ಟಾಟಾ ಏಸ್ ಇರುವವರು ಆ ಮಾದರಿಯನ್ನೇ ಮುಂದಿಟ್ಟುಕೊಳ್ಳಲಿ.

ಸೋಲಾರನ್ನು ಮಳೆಗಾಲದಲ್ಲಿ ನೆಚ್ಚುವಂತಿಲ್ಲ. ಗಾಡಿಯ ಆಲ್ಟರ್ನೇಟರಿನಿಂದ ಎರಡನೆಯ ಬ್ಯಾಟರಿ ಚಾರ್ಜ್ ಆಗುವ ವ್ಯವಸ್ಥೆ ಬೇಕು. ಮಂಜು, ಉಸಿರು, ಒಲೆಯ ಹಬೆ ಸೇರಿ ಗೋಡೆ ಒಳಗಿನಿಂದಲೇ ಬೆವರುತ್ತದೆ, ಆದ್ದರಿಂದ ಮಳೆ ಸುರಿಯುವಾಗಲೂ ತೆರೆದಿಡಬಹುದಾದ ಗಾಳಿಕಿಂಡಿ ಎದುರುಬದುರು ಎರಡಿರಲಿ.

ಕಾನೂನಿನ ಮಾತನ್ನು ಕೊನೆಗೆ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ನೋಂದಣಿಯಾದ ವಾಹನದ ರೂಪವನ್ನು ಮನಬಂದಂತೆ ಬದಲಿಸಲಾಗದು. ಶಾಶ್ವತ ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವಿದೆ. ಬಿಚ್ಚಿಡುವ ಕೋಣೆಯನ್ನು ಹೇಗೆ ಪರಿಗಣಿಸುತ್ತಾರೆಂದು ಕೆಲಸ ಶುರುಮಾಡುವ ಮುಂಚೆಯೇ, ನಕ್ಷೆ ಹಿಡಿದು, ಚಿಕ್ಕಮಗಳೂರಿನ ಆರ್‌ಟಿಒ ಕಚೇರಿಯಲ್ಲಿ ಬರಹದಲ್ಲಿ ಕೇಳಿಕೊಳ್ಳಬೇಕು. ವಿಮಾ ಕಂಪನಿಗೂ ತಿಳಿಸಬೇಕು. ಗಾಡಿ ಓಡುವಾಗ ಕೋಣೆಯೊಳಗೆ ಯಾರೂ ಕೂರಬಾರದು, ಮಗು ಮಲಗಿದೆ ಎಂಬ ನೆಪಕ್ಕೂ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಾಗಲಿ, ಭದ್ರಾ ಹಿನ್ನೀರಿನ ಅರಣ್ಯದಂಚಿನಲ್ಲಾಗಲಿ ಅನುಮತಿಯಿಲ್ಲದೆ ರಾತ್ರಿ ಬೀಡುಬಿಡುವುದು ತಪ್ಪು. ನರಸಿಂಹರಾಜಪುರ ಕಡೆ ಕಾಡಾನೆಯ ಹಾವಳಿ ಇರುವುದರಿಂದ ಅದು ಜೀವಕ್ಕೂ ಅಪಾಯ. ಗುರುತಿನ ತೋಟದಂಗಳ, ಹೋಂಸ್ಟೇ ಆವರಣ, ಊರೊಳಗಿನ ಜಾಗಗಳೇ ಸರಿ.

ಕಟ್ಟಿಸುವುದಾದರೆ ನನ್ನ ಚೀಟಿಯಲ್ಲಿ ಇಷ್ಟಿರುತ್ತದೆ: ಹತ್ತಡಿ ಬೊಲೆರೊಗೆ, ಖಾಲಿ ತೂಕ ಆರುನೂರು ಕಿಲೋ ಮೀರದ, ಗಟ್ಟಿ ಗೋಡೆಯ, ಒಂದೇ ತುಂಡು ಮಾಡಿನ ಕೋಣೆ. ಕ್ಯಾಬಿನ್ ಮೇಲೆ ಇಬ್ಬರಿಗೆ, ಬೆಂಚಿನ ಮೇಲೆ ಇಬ್ಬರಿಗೆ ಜಾಗ. ಹಿಂಬಾಗಿಲಲ್ಲಿ ಒದ್ದೆ ಮೂಲೆ. ನೀರು ಅರವತ್ತು ಲೀಟರ್. ಜಾಕ್‌ಗಳು ಗಾಡಿಯ ಅಗಲಕ್ಕಿಂತ ಹೊರಗೆ ಚಾಚಿಕೊಂಡಿರಬೇಕು, ಇಲ್ಲದಿದ್ದರೆ ರಿವರ್ಸ್ ಬರುವಾಗ ಚಕ್ರ ತಾಗುತ್ತದೆ. ಮಳೆಗಾಲದ ಅಂಗಳದಲ್ಲಿ ಅವು ಹೂತುಹೋಗದಂತೆ ನಾಲ್ಕು ಜಂಬಿಟ್ಟಿಗೆ ಕಲ್ಲುಗಳನ್ನು ಮಟ್ಟ ನೋಡಿ ಮೊದಲೇ ಹೂಡಿಟ್ಟುಕೊಳ್ಳಬೇಕು. ಮೊದಲ ಸಲ ಸಾಮಾನು, ನೀರು ಎಲ್ಲ ತುಂಬಿದ ಮೇಲೆ ಗಾಡಿಯನ್ನು ನೇರ ವೇಬ್ರಿಡ್ಜಿಗೆ ಒಯ್ದು, ಮುಂದಿನ ಚಕ್ರದ ತೂಕ, ಹಿಂದಿನ ಚಕ್ರದ ತೂಕ ಬೇರೆ ಬೇರೆಯಾಗಿ ಬರೆಸಿಕೊಂಡು, ಆಮೇಲೆ ಘಾಟಿ ಇಳಿಯಬೇಕು.