ಬಿಳಿಯ ಮಚ್ಚೆ: ಕಾರೆಲ್ ಚಾಪೆಕ್‌ನ ನಾಟಕದಲ್ಲಿ ರೋಗ ಮತ್ತು ಪ್ರಭುತ್ವ

ಜೆಕ್ ಲೇಖಕ ಕಾರೆಲ್ ಚಾಪೆಕ್‌ನ (1890-1938) ಹೆಸರು ನಮ್ಮಲ್ಲಿ ಬಹುಮಟ್ಟಿಗೆ 'ರೋಬೊಟ್' ಎಂಬ ಪದದೊಡನೆಯೇ ಸ್ಮರಣೆಗೆ ಬರುತ್ತದೆ. ಆ ಪದವನ್ನಾದರೂ ಸೂಚಿಸಿದವನು ಅವನ ಅಣ್ಣ ಯೋಸೆಫ್. ರಾಜಕೀಯ ಅನ್ಯೋಕ್ತಿಯ ದೃಷ್ಟಿಯಿಂದ ಹೆಚ್ಚು ವಿಚಾರಾರ್ಹವಾದ ಕೃತಿಯೆಂದರೆ 1937ರ ಜನವರಿಯಲ್ಲಿ ಪ್ರಾಗ್‌ನಲ್ಲಿ ರಂಗವೇರಿದ 'ಬೀಲಾ ನೆಮೊಟ್ಸ್', ಎಂದರೆ 'ಬಿಳಿಯ ರೋಗ'. ನೆರೆಯ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದು ಆಗ ನಾಲ್ಕು ವರ್ಷಗಳಾಗಿದ್ದವು.

ನಾಟಕದ ಕಲ್ಪಿತ ಸಾಂಕ್ರಾಮಿಕವು ಚೀನಾದಿಂದ ಹರಡಿತೆಂದು ಪ್ರತೀತಿ. ಮೈಮೇಲೆ ಸ್ಪರ್ಶಜ್ಞಾನವಿಲ್ಲದ ಬಿಳಿಯ ಮಚ್ಚೆಯೊಂದು ಮೂಡಿದರೆ ಸಾವು ನಿಶ್ಚಿತ. ಆದರೆ ನಡುವಯಸ್ಸಿನವರನ್ನೂ ವೃದ್ಧರನ್ನೂ ಮಾತ್ರ ಅದು ಹಿಡಿಯುತ್ತದೆ. ಈ ಒಂದು ವಿವರದಲ್ಲಿಯೇ ಕೃತಿಯ ಬುದ್ಧಿಯೆಲ್ಲ ಅಡಗಿದೆ. ಯುದ್ಧವು ತರುಣರನ್ನು ಕೊಲ್ಲುತ್ತದೆ. ಈ ರೋಗವಾದರೋ ಯುದ್ಧವನ್ನು ಸಾರುವ ವಯಸ್ಸಿನವರನ್ನು ಕೊಲ್ಲುತ್ತದೆ. ಮಧ್ಯಮವರ್ಗದ ಮನೆಯೊಂದರಲ್ಲಿ ಮಕ್ಕಳು, ಹಿರಿಯರು ಸತ್ತರೆ ತಮಗೆ ಉದ್ಯೋಗ ದೊರೆತೀತೆಂದು ಎಣಿಸುತ್ತಾರೆ. ಮೇಲಧಿಕಾರಿಗಳ ಮರಣದಿಂದ ಬಡ್ತಿ ಪಡೆದ ತಂದೆ ರೋಗಕ್ಕೆ ಕೃತಜ್ಞನಾಗುತ್ತಾನೆ, ತನ್ನ ಹೆಂಡತಿಯ ಮೈಮೇಲೆ ಮಚ್ಚೆ ಕಾಣುವವರೆಗೆ.

ಔಷಧಿಯನ್ನು ಬಲ್ಲವನು ವೈದ್ಯ ಗಾಲೆನ್ ಒಬ್ಬನೇ. ಅವನು ಬಡವರಿಗೆ ಮಾತ್ರ ಚಿಕಿತ್ಸೆ ನೀಡುತ್ತಾನೆ. ಪ್ರಬಲರು ಯುದ್ಧವನ್ನು ತ್ಯಜಿಸಿದ ಹೊರತು ಅವರಿಗೆ ಔಷಧಿಯಿಲ್ಲ. ಶಸ್ತ್ರಾಸ್ತ್ರ ತಯಾರಕ ಕ್ರ್ಯೂಗ್ ಈ ಷರತ್ತನ್ನು ಪಾಲಿಸಲಾರದೆ ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ. ಗಾಲೆನ್‌ನನ್ನು ನಿಷ್ಕಳಂಕ ಶಾಂತಿದೂತನೆಂದು ಓದುವ ರೂಢಿ ನನಗೆ ಸಮ್ಮತವಲ್ಲ. ರೋಗಿಯ ಪ್ರಾಣವನ್ನು ಒತ್ತೆಯಿಟ್ಟು ಚೌಕಾಸಿ ಮಾಡುವ ವೈದ್ಯನೂ ಒಂದು ಬಗೆಯ ಬಲಪ್ರಯೋಗವನ್ನೇ ಮಾಡುತ್ತಿದ್ದಾನೆ. ಚಾಪೆಕ್ ಈ ತೊಡಕನ್ನು ಬಿಡಿಸಲು ಹೋಗುವುದಿಲ್ಲ.

ಯುದ್ಧ ಸಾರಿದ ಮಾರ್ಷಲ್‌ನೂ ರೋಗಗ್ರಸ್ತನಾಗಿ ಕೊನೆಗೆ ಶಾಂತಿಗೆ ಒಪ್ಪುತ್ತಾನೆ. ಆದರೆ ಅವನಲ್ಲಿಗೆ ಔಷಧಿಯೊಡನೆ ಹೊರಟ ಗಾಲೆನ್‌ನನ್ನು, ಯುದ್ಧ ಬೇಡವೆಂದನೆಂಬ ಕಾರಣಕ್ಕೆ, ಬೀದಿಯ ಗುಂಪು ತುಳಿದು ಕೊಲ್ಲುತ್ತದೆ, ಔಷಧಿಯೂ ನುಚ್ಚುನೂರಾಗುತ್ತದೆ. ಮಾರ್ಷಲ್‌ನಲ್ಲಿ ಹಿಟ್ಲರನನ್ನಷ್ಟೇ ಕಂಡ ವಿಮರ್ಶೆಗೆ ಈ ಗುಂಪು ಕಾಣಲಿಲ್ಲ. ಸರ್ವಾಧಿಕಾರಿ ಹಿಮ್ಮೆಟ್ಟಬಲ್ಲ, ಅವನು ಉದ್ರೇಕಿಸಿದ ಜನ ಹಿಮ್ಮೆಟ್ಟಲಾರರು.

ಹ್ಯೂಗೊ ಹಾಸ್ 1937ರಲ್ಲಿಯೇ ಇದನ್ನು ಚಲನಚಿತ್ರವಾಗಿಸಿ ತಾನೇ ಗಾಲೆನ್‌ನ ಪಾತ್ರ ವಹಿಸಿದನು. ಮರುವರ್ಷ ಮ್ಯೂನಿಕ್ ಒಪ್ಪಂದವಾಯಿತು. ಅದೇ ಡಿಸೆಂಬರ್ 25ರಂದು ಚಾಪೆಕ್ ತೀರಿಕೊಂಡನು. 1939ರ ಮಾರ್ಚ್‌ನಲ್ಲಿ ಜರ್ಮನ್ ಸೇನೆ ಪ್ರಾಗ್ ಪ್ರವೇಶಿಸಿತು. ಯೋಸೆಫ್ 1945ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಮಡಿದನು.

ಕನ್ನಡಿಸುವವರಿಗೆ ಶೀರ್ಷಿಕೆಯೇ ಮೊದಲ ತೊಡಕು. 'ಬಿಳಿಯ ರೋಗ' ಎಂದೊಡನೆ ನಮಗೆ ನೆನಪಾಗುವುದು ತೊನ್ನು. ಅದು ಅಂಟುವುದೂ ಇಲ್ಲ, ಕೊಲ್ಲುವುದೂ ಇಲ್ಲ. 'ಬಿಳಿಯ ಮಾರಿ' ಎನ್ನೋಣವೆಂದರೆ ಬಲಿ ಪಡೆದು ಶಾಂತಳಾಗುವ ದೇವತೆ ಅಡ್ಡಬರುತ್ತಾಳೆ.