ಸ್ಟೌಟ್‌ಗೆ ಕಾಫಿ ರುಚಿ ಎಲ್ಲಿಂದ ಬಂತು?

ಮಲ್ಲಂದೂರಿನ ಕಾಫಿ ತೋಟದವರು ಡಬ್ಲಿನ್‌ನಲ್ಲಿ ಗಿನ್ನೆಸ್ ಸ್ಟೌಟ್ ಬಿಯರ್ ಒಂದು ಗುಟುಕು ಕುಡಿದರೆ ಕೇಳೋ ಮೊದಲ ಪ್ರಶ್ನೆ: ಇದಕ್ಕೆ ಕಾಫಿ ಹಾಕಿದ್ದಾರಾ? ಇಲ್ಲ ರೀ. ಮೊಳಕೆ ಬರಿಸದ ಬಾರ್ಲಿಯನ್ನು ಕಪ್ಪಗಾಗೋ ತನಕ ಹುರಿದಿದ್ದಾರೆ, ಅಷ್ಟೇ. ನಮ್ಮ ಬೀಜ ಹುರಿದಾಗ ಬರೋ ಅದೇ ಬಣ್ಣ, ಅದೇ ಕಹಿ. ನೊರೆ ಮಾತ್ರ ಕೆನೆ ಥರ. ಅದು ನೈಟ್ರೋಜನ್ ಕೆಲಸ: ಗುಳ್ಳೆ ಸಣ್ಣದು, ನಾಲಿಗೆಗೆ ಚುಚ್ಚಲ್ಲ.

ಬವೇರಿಯಾದ ಗೋಧಿ ಬಿಯರ್‌ನಲ್ಲಿ ಬಾಳೆಹಣ್ಣು, ಲವಂಗದ ಘಮ. ಅದೂ ಯಾರೂ ಹಾಕಿದ್ದಲ್ಲ, ಯೀಸ್ಟ್‌ನ ಕರಾಮತ್ತು. ಬೆಲ್ಜಿಯಂನ ಲ್ಯಾಂಬಿಕ್ ಬಿಯರ್ ಗಾಳಿಯಲ್ಲಿರೋ ಯೀಸ್ಟ್, ಬ್ಯಾಕ್ಟೀರಿಯಾಗಳಿಂದಲೇ ಹುದುಗಿ ಹುಳಿಯಾಗುತ್ತೆ. ಬೈನೆ ಕಳ್ಳು ಕಂಡವರಿಗೆ ಇದೇನೂ ಹೊಸತಲ್ಲ.

ನಮ್ಮ ಬಾರ್‌ಗಳಲ್ಲಿ ಹೆಚ್ಚಾಗಿ ಸ್ಟ್ರಾಂಗ್ ಲಾಗರ್. ಗಡಗಡ ನಡುಗುವಷ್ಟು ತಣ್ಣಗೆ ಕೊಡ್ತಾರೆ, ರುಚಿ ಗೊತ್ತಾಗದಿದ್ದರೇ ವಾಸಿ ಅಂತಲೋ ಏನೋ! ಬೆಂಗಳೂರಿನ ಮೈಕ್ರೋಬ್ರೂವರಿಯಲ್ಲಿ ಸ್ಟೌಟ್ ಸಿಕ್ಕರೆ ಸ್ವಲ್ಪ ಹೊತ್ತು ಬಿಟ್ಟು ಕುಡಿಯಿರಿ. ಸ್ಟೀರಿಂಗ್ ಮಾತ್ರ ಬೇರೆಯವರ ಕೈಲಿರಲಿ.