ಮೈನಸ್ ಮೋಹ

ಡಿಸೆಂಬರ್ ಬಂತೆಂದರೆ ಹಿಮಾಲಯದ ಚಾರಣಕ್ಕೆಂದು ಬೆಂಗಳೂರಿನಿಂದ ಡೆಹ್ರಾಡೂನಿಗೆ ಹೊರಡುವವರ ಸಾಲು ಶುರು. ಕೇದಾರಕಂಠ, ಬ್ರಹ್ಮತಾಲ್, ಕುವಾರಿ ಪಾಸ್. ಹೋಗುವವರು ಹೋಗುವ ಮುಂಚೆ ಕೇಳುವುದೂ ಅದನ್ನೇ, ಬಂದವರು ಬಂದ ಮೇಲೆ ಹೇಳುವುದೂ ಅದನ್ನೇ: ಮೈನಸ್ ಎಷ್ಟು? ಮೈನಸ್ ಹನ್ನೆರಡು ಅಂದರೆ ಕೇಳುಗರ ಹುಬ್ಬು ಮೇಲೇರುತ್ತದೆ. ಮೈನಸ್ ಎರಡು ಅಂದರೆ ‘ಅಷ್ಟೇನಾ’ ಎಂಬ ಮುಖ. ಸೊನ್ನೆಗಿಂತ ಮೇಲಿತ್ತು ಅಂದುಬಿಟ್ಟರೆ ಮುಗಿಯಿತು, ಮಾತು ಕ್ರಿಕೆಟ್ಟಿಗೆ ಹೊರಳುತ್ತದೆ.

ಈ ಪ್ರಶ್ನೆಯ ಬೆನ್ನಿಗೆ ಒಂದು ಗಟ್ಟಿ ನಂಬಿಕೆ ಕೂತಿದೆ. ಚಳಿ ಕೊಲ್ಲುವುದು ಸೊನ್ನೆಯ ಕೆಳಗೆ ಮಾತ್ರ, ಎಷ್ಟು ಕೆಳಗೋ ಅಷ್ಟು ಅಪಾಯ, ಸೊನ್ನೆಯ ಮೇಲಿದ್ದರೆ ಒಂದು ಸ್ವೆಟರ್ ಸಾಕು ಅಂತ. ಸೊನ್ನೆಯಲ್ಲಿ ಹೆಪ್ಪುಗಟ್ಟುವುದು ನೀರು, ಒಪ್ಪಿದೆ. ಮನುಷ್ಯನ ಲೆಕ್ಕ ಬೇರೆ. ಮೈಯೊಳಗಿನ ಶಾಖ ಸುಮಾರು 37 ಡಿಗ್ರಿ. ಅದು 35ರ ಕೆಳಗಿಳಿದರೆ ಹೈಪೊಥರ್ಮಿಯಾ. ನಡುವೆ ಇರುವುದು ಎರಡೇ ಡಿಗ್ರಿ. ಅಷ್ಟನ್ನು ಕಳೆದುಕೊಳ್ಳಲು ಹೊರಗೆ ಹಿಮ ಬೀಳಲೇಬೇಕೆಂದೇನಿಲ್ಲ. ಬಟ್ಟೆ ಒದ್ದೆಯಾಗಿ, ಗಾಳಿ ಬೀಸುತ್ತಿದ್ದು, ಹೊಟ್ಟೆ ಖಾಲಿಯಿದ್ದು, ಕಾಲು ಸೋತಿದ್ದರೆ ಐದಾರು ಡಿಗ್ರಿಯ ಮಳೆಯೇ ಆ ಕೆಲಸ ಮಾಡಿ ಮುಗಿಸುತ್ತದೆ. ಜುಲೈ ತಿಂಗಳಲ್ಲಿ ಮುಳ್ಳಯ್ಯನಗಿರಿಯ ನೆತ್ತಿಯ ಮೇಲೆ ನೆನೆದು ನಿಂತು ಹಲ್ಲು ಕಟಕಟ ಅನ್ನಿಸಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಹತ್ತು ನಿಮಿಷಕ್ಕೆ ಜೀಪು ಸಿಗುತ್ತದೆ, ಇಳಿದರೆ ಬಿಸಿ ಕಾಫಿ ಇದೆ. ಹಿಮಾಲಯದ ಕ್ಯಾಂಪಿನಿಂದ ರಸ್ತೆ ಒಂದೆರಡು ದಿನದ ದಾರಿ.

ಅನುಮಾನ ಇರುವವರು ಇಂಗ್ಲೆಂಡಿನ ಒಂದು ಹಳೆಯ ಪ್ರಕರಣ ಕೇಳಬೇಕು. 1964ರ ಮಾರ್ಚ್ ತಿಂಗಳು, ಡರ್ಬಿಶೈರಿನ ಪೀಕ್ ಡಿಸ್ಟ್ರಿಕ್ಟ್. ಸ್ಕೌಟ್ ತರುಣರಿಗಾಗಿ ನಡೆಯುತ್ತಿದ್ದ ‘ಫೋರ್ ಇನ್ಸ್’ ಎಂಬ ನಡಿಗೆ ಸ್ಪರ್ಧೆ. ಆ ಸೀಮೆಯ ಅತಿ ಎತ್ತರದ ಗುಡ್ಡ ಕಿಂಡರ್ ಸ್ಕೌಟ್, 636 ಮೀಟರ್. ನಮ್ಮ ಮೆಜೆಸ್ಟಿಕ್ ಬಸ್ ನಿಲ್ದಾಣವೇ ಅದಕ್ಕಿಂತ ಎತ್ತರದಲ್ಲಿದೆ! ಅಂದು ಹೊರಟವರು 240 ಜನ, ಗುರಿ ಮುಟ್ಟಿದವರು 22. ಮೂವರು ತೀರಿಕೊಂಡರು. ಮೂವರೂ ಗಟ್ಟಿಮುಟ್ಟಾದ ಹುಡುಗರು. ಅವರನ್ನು ಕೊಂದದ್ದು ಮಳೆ ಮತ್ತು ಗಾಳಿ. ಮಳೆ ಮಳೆಯಾಗಿಯೇ ಬೀಳುತ್ತಿದೆ ಅಂದರೆ ಅಲ್ಲಿ ಮೈನಸ್ಸಿನ ಮಾತೇ ಇಲ್ಲ ಎಂಬುದನ್ನು ಓದುಗರು ಗಮನಿಸಬೇಕು.

1953ರ ಎವರೆಸ್ಟ್ ತಂಡದಲ್ಲಿದ್ದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಈ ಸಾವುಗಳ ಬೆನ್ನು ಹತ್ತಿದರು. ಆ ಹುಡುಗರು ತೊಟ್ಟಂಥ ಬಟ್ಟೆಗಳನ್ನೇ ತೊಡಿಸಿ, ನೆನೆಸಿ, ಗಾಳಿಗೊಡ್ಡಿ ಪರೀಕ್ಷೆ ಮಾಡಿದರು. ಒಣಗಿದ್ದಾಗ ಆ ಬಟ್ಟೆ ಕೊಡುತ್ತಿದ್ದ ರಕ್ಷಣೆಯ ಬಹುಪಾಲು ನೀರು ಮತ್ತು ಗಾಳಿ ಸೇರಿದ ಕೂಡಲೇ ಮಾಯ. ಒಳಗಿನಿಂದ ಬೇಕಾದಷ್ಟು ಶಾಖ ಹುಟ್ಟಿಸಲು ಬಿರುಸಾಗಿ ನಡೆಯುತ್ತಲೇ ಇರಬೇಕು. ದಣಿದವನಿಗೆ ಅದು ಆಗುವುದಿಲ್ಲ. ನಡಿಗೆ ನಿಧಾನವಾಗುತ್ತದೆ, ಶಾಖ ಕಡಿಮೆಯಾಗುತ್ತದೆ, ಇನ್ನಷ್ಟು ದಣಿವು. ಅಲ್ಲಿಂದ ಮುಂದೆ ಇಳಿಜಾರು.

ಬೇಸಿಗೆಯಲ್ಲಿ ಮಡಕೆಗೆ ಒದ್ದೆ ಬಟ್ಟೆ ಸುತ್ತಿ ಕಿಟಕಿಯ ಗಾಳಿಗಿಟ್ಟರೆ ನೀರು ತಣ್ಣಗಾಗುತ್ತದಲ್ಲ, ನೆನೆದ ಜೀನ್ಸ್ ತೊಟ್ಟು ಬೆಟ್ಟದ ಏಣಿನ ಮೇಲೆ ನಿಂತವನು ಆ ಮಡಕೆ. ಒಂದು ಲೀಟರ್ ನೀರು ಮೈಮೇಲಿಂದ ಆರಿಹೋಗಲು ಸುಮಾರು 580 ಕಿಲೊಕ್ಯಾಲೊರಿ ಶಾಖ ಬೇಕು, ಅದು ಬರುವುದು ಅವನ ಒಡಲಿನಿಂದಲೇ. ಚಾರಣಕ್ಕೆ ಹೋಗುವ ನಮ್ಮವರಲ್ಲಿ ಅರ್ಧಕ್ಕರ್ಧ ಇಂಜಿನಿಯರುಗಳು. ಲೇಟೆಂಟ್ ಹೀಟ್ ಬಗ್ಗೆ ಪಿಯುಸಿಯಲ್ಲಿ ಐದು ಅಂಕಕ್ಕೆ ಬರೆದು ಐದೂ ಪಡೆದವರು. ಹೊರಡುವಾಗ ಬ್ಯಾಗಿಗೆ ತುಂಬುವುದು ಮಾತ್ರ ಕಾಟನ್ ಟೀಶರ್ಟು.

ನೆನೆಯಲು ಮಳೆ ಬರಬೇಕೆಂದೂ ಇಲ್ಲ. ಮೈನಸ್ಸಿಗೆ ಹೆದರಿ ಬೆಳಗಿನ ಜಾವವೇ ಇದ್ದಬದ್ದ ಜಾಕೆಟ್ಟನ್ನೆಲ್ಲ ಹೇರಿಕೊಂಡು ಏರು ಹತ್ತುತ್ತಾರೆ. ಅರ್ಧ ಗಂಟೆಗೆ ಒಳಗೆಲ್ಲ ಬೆವರು. ಬೆವರು ಹೀರಿದ ಡೌನ್ ಜಾಕೆಟ್ಟು ಮುದ್ದೆಯಾಗಿ ಕಾವು ಕಳೆದುಕೊಳ್ಳುತ್ತದೆ. ಮೇಲೆ ತಲುಪಿ ಫೋಟೊಕ್ಕೆ ನಿಂತಾಗ ಗಾಳಿ ಬಡಿಯುತ್ತದೆ, ಆಗ ನಡುಕ. ಹೊರಡುವಾಗ ಸ್ವಲ್ಪ ಚಳಿಯಾಗುತ್ತಿದ್ದರೆ ಉಡುಪು ಸರಿಯಾಗಿದೆ ಎಂದೇ ಅರ್ಥ. ಜಾಕೆಟ್ ನಿಂತಾಗ ತೊಡುವುದಕ್ಕೆ.

ಗಾಳಿಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಸಂಖ್ಯೆಯ ಮೋಹ ಇರುವವರಿಗೆ ಸಂಖ್ಯೆಯೇ ಮದ್ದು. ಈಗ ಅಮೆರಿಕ, ಕೆನಡಾಗಳಲ್ಲಿ ಬಳಸುವ ವಿಂಡ್‌ಚಿಲ್ ಸೂತ್ರದ ಪ್ರಕಾರ, ಮೈನಸ್ 10ರಲ್ಲಿ ಗಂಟೆಗೆ 5 ಕಿಲೋಮೀಟರಿನ ಮಂದಗಾಳಿ ಇದ್ದರೆ ಬರಿಮೈಗೆ ಮೈನಸ್ 13ರ ಅನುಭವ. ಮೈನಸ್ 5ರಲ್ಲಿ 40 ಕಿಲೋಮೀಟರ್ ವೇಗದ ಗಾಳಿ ಇದ್ದರೆ ಮೈನಸ್ 14. ಥರ್ಮಾಮೀಟರ್ ಐದು ಡಿಗ್ರಿ ಬೆಚ್ಚಗೆ ತೋರಿಸುತ್ತಿದೆ, ಚರ್ಮ ಹೆಚ್ಚು ಬೇಗ ತಣ್ಣಗಾಗುತ್ತಿದೆ. ಅದೂ ಒಣ ಚರ್ಮದ ಲೆಕ್ಕ. ಫೋನಿನಲ್ಲಿ ‘ಫೀಲ್ಸ್ ಲೈಕ್’ ಅಂತ ಬರುವ ಅಂಕಿಗೆ ನೀವು ತೊಯ್ದಿದ್ದೀರೆಂಬ ಸುದ್ದಿ ಯಾರೂ ಮುಟ್ಟಿಸಿರುವುದಿಲ್ಲ.

ಆ ಫೋನು ತೋರಿಸುವುದಾದರೂ ಎಲ್ಲಿಯ ಹವೆಯನ್ನು? ಹೆಚ್ಚಾಗಿ ಕೆಳಗಿನ ಊರಿನದ್ದು. ಕೇದಾರಕಂಠಕ್ಕೆ ಹೊರಡುವ ಸಂಕ್ರಿ ಗ್ರಾಮ ಸುಮಾರು 1,900 ಮೀಟರಿನಲ್ಲಿದೆ, ಶಿಖರ 3,800 ಮೀಟರಿನಲ್ಲಿ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಹಿಡಿದರೂ ಹನ್ನೆರಡು ಡಿಗ್ರಿ ವ್ಯತ್ಯಾಸ. ಗಾಳಿಯಂತೂ ಕಣಿವೆಗೂ ಏಣಿಗೂ ಅಜಗಜಾಂತರ.

ಇನ್ನೂ ಒಂದು ತಮಾಷೆ ಇದೆ. ಚಳಿಗಾಲದಲ್ಲಿ ಉತ್ತರಾಖಂಡ, ಹಿಮಾಚಲಗಳಿಗೆ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್‌ಗಳು. ಆಕಾಶ ತೆರೆದಿರುವ ರಾತ್ರಿ ನೆಲದ ಶಾಖವೆಲ್ಲ ಮೇಲಕ್ಕೆ ಹೋಗಿ ಚಳಿ ಕೊರೆಯುತ್ತದೆ, ಅಂಕಿ ಮೈನಸ್ 10 ಮುಟ್ಟುತ್ತದೆ, ಬೆಳಗಾದರೆ ಹೊಳೆಯುವ ಬಿಸಿಲು. ಅದು ನಡೆಯಲು ಹೇಳಿಮಾಡಿಸಿದ ದಿನ. ಅಂಥದ್ದೊಂದು ಡಿಸ್ಟರ್ಬೆನ್ಸ್ ಬಂದು ಮೋಡ ಕವಿಯಿತೆನ್ನಿ, ಆ ಮೋಡವೇ ಶಾಖವನ್ನು ತಡೆದು ರಾತ್ರಿ ಬೆಚ್ಚಗಾಗುತ್ತದೆ, ಅಂಕಿ ಮೈನಸ್ 2ಕ್ಕೆ ಏರುತ್ತದೆ. ಟೆಂಟಿನಲ್ಲಿ ಮಲಗಿದವರು ‘ಅಬ್ಬಾ, ಇವತ್ತು ಪರವಾಗಿಲ್ಲ’ ಅನ್ನುತ್ತಾರೆ. ಬಾಗಿಲಿಗೆ ಬಂದಿರುವುದು ಹಿಮಗಾಳಿ.

2024ರ ಜೂನ್ ಮೊದಲ ವಾರವನ್ನು ಕರ್ನಾಟಕ ಮರೆತಿರಲಾರದು. ಉತ್ತರಕಾಶಿ ಜಿಲ್ಲೆಯ ಸಹಸ್ರತಾಲ್ ಹಾದಿಯಲ್ಲಿ, 4,000 ಮೀಟರಿಗೂ ಮೇಲೆ, 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. ಹೆಚ್ಚಿನವರು ನಮ್ಮ ಕಡೆಯವರೇ. ಒಂಬತ್ತು ಜನ ತೀರಿಕೊಂಡರು. ಅದೇ ದಿನಗಳಲ್ಲಿ ಕೆಳಗೆ ಉತ್ತರ ಭಾರತದ ಬಯಲು ಬಿಸಿಗಾಳಿಗೆ ಬೇಯುತ್ತಿತ್ತು. ಆ ತಂಡದ ತಪ್ಪು ಒಪ್ಪು ವಿಚಾರಿಸಲು ನಾನಿಲ್ಲಿ ಕೂತಿಲ್ಲ. ಜೂನ್‌ನಲ್ಲಿ ಹೊರಡುವವರನ್ನು ಯಾರೂ ಮೈನಸ್ ಎಷ್ಟೆಂದು ಕೇಳುವುದಿಲ್ಲ ಎಂಬುದಷ್ಟೇ ನನ್ನ ತಕರಾರು. ಚಳಿಗಾಲ ಅನ್ನುವುದು ಆ ಎತ್ತರದಲ್ಲಿ ಕ್ಯಾಲೆಂಡರ್ ನೋಡಿ ಬರುವುದಿಲ್ಲ.

ಉಳಿದ ಮೂಢನಂಬಿಕೆಗಳಿಗೆ ಇಷ್ಟು ಜಾಗ ಕೊಡಬೇಕಿಲ್ಲ. ರಮ್ ಕುಡಿದರೆ ಮೈ ಬೆಚ್ಚಗಾಗುತ್ತದೆ ಎಂಬುದು: ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಬಿಸಿರಕ್ತ ಹೊರಕ್ಕೆ ಬಂದು ಬೆಚ್ಚಗೆನಿಸುತ್ತದೆ, ಒಳಗು ತಣ್ಣಗಾಗುತ್ತದೆ. ಮೈಯ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎಂಬುದು: ಹಾಗಿದ್ದರೆ ಪ್ಯಾಂಟು ಬಿಟ್ಟು ಮಂಕಿ ಕ್ಯಾಪ್ ಮಾತ್ರ ಹಾಕಿಕೊಂಡು ಹೋಗಬಹುದಿತ್ತು, ತಲೆಯ ಪಾಲು ಸುಮಾರು ಹತ್ತನೇ ಒಂದು. ಮರಗಟ್ಟಿದ ಬೆರಳನ್ನು ಹಿಮದಿಂದ ಉಜ್ಜಬೇಕೆಂಬ ಸಲಹೆ ನೆಪೋಲಿಯನ್ ಸೇನೆಯ ವೈದ್ಯ ಲಾರೆಯ ಕಾಲದ್ದು, ಉಜ್ಜಿದರೆ ಹೋಗುವುದು ಬೆರಳೇ. ಕೂಗಿದರೆ ಹಿಮ ಕುಸಿಯುವುದು ಸಿನಿಮಾದಲ್ಲಿ ಮಾತ್ರ. ಅದನ್ನು ಕುಸಿಯುವಂತೆ ಮಾಡುವುದು ಹೊಸ ಹಿಮದ ಭಾರ, ಗಾಳಿ ತಂದು ಒಟ್ಟಿದ ರಾಶಿ, ಇಳಿಜಾರಿನ ಮೇಲೆ ಕಾಲಿಟ್ಟ ಮನುಷ್ಯ. ಬಿಸಿಲೇ ಇಲ್ಲ, ಕಪ್ಪು ಕನ್ನಡಕ ಯಾಕೆ ಅನ್ನುವವರು ಸಂಜೆ ಕಣ್ಣಿಗೆ ಮರಳು ಹೊಯ್ದಂತೆ ಒದ್ದಾಡುತ್ತಾರೆ, ಹೊಸ ಹಿಮ ನೇರಳಾತೀತ ಕಿರಣಗಳಲ್ಲಿ ನೂರಕ್ಕೆ ಎಂಬತ್ತರಷ್ಟನ್ನು ತಿರುಗಿ ಮುಖಕ್ಕೇ ಎಸೆಯುತ್ತದೆ.

ಇವುಗಳಲ್ಲಿ ಒಂದು ಮಾತ್ರ ನಗುವ ವಿಷಯವಲ್ಲ. ನಡುಗುತ್ತಿದ್ದವನ ನಡುಕ ನಿಂತರೆ ಚೇತರಿಸಿಕೊಂಡ ಎಂದುಕೊಳ್ಳುವುದು. ಅವನು ಬಿಸಿ ಚಹಾ ಕುಡಿದು, ಒಣಬಟ್ಟೆ ತೊಟ್ಟು, ಸರಿಯಾಗಿ ಮಾತಾಡುತ್ತಿದ್ದರೆ ಸರಿ. ಏನೂ ಮಾಡದೆಯೇ ನಡುಕ ನಿಂತು, ಮಾತು ತೊದಲಿ, ನಡೆ ಮುಗ್ಗರಿಸಿ, ‘ನೀವು ಹೋಗಿ, ನಾನಿಲ್ಲೇ ಕೂತಿರ್ತೀನಿ’ ಅನ್ನುತ್ತಿದ್ದರೆ ಒಳಗಿನ ಶಾಖ 32ರ ಆಸುಪಾಸಿಗೆ ಬಂದಿರಬಹುದು. ಇನ್ನೂ ಇಳಿದರೆ ಕೆಲವರು ಸೆಖೆ ಸೆಖೆ ಎಂದು ಬಟ್ಟೆ ಬಿಚ್ಚುವುದೂ ಉಂಟು. ಅಂಥವರನ್ನು ಕೂರಿಸಿ ಮುಂದೆ ಹೋಗಬಾರದು, ಮೈಕೈ ತಿಕ್ಕಬಾರದು. ಗಾಳಿಯಿಂದ ಮರೆಮಾಡಿ, ಒದ್ದೆ ತೆಗೆದು, ಮಲಗಿಸಿ, ಹೊದಿಸಬೇಕು.

ಕರ್ಪೂರದ ಕಥೆ ಬಿಟ್ಟರೆ ಅನ್ಯಾಯವಾದೀತು. ಎತ್ತರದಲ್ಲಿ ಉಸಿರಾಟ ಕಷ್ಟವಾದರೆ ಕರ್ಪೂರ ಮೂಸಿದರೆ ಆಕ್ಸಿಜನ್ ಏರುತ್ತದಂತೆ. ಮೂಗಿನ ತಂಪಿನ ನರಗಳನ್ನು ಕೆಣಕಿ ಗಾಳಿ ಹೆಚ್ಚು ಬಂದಂತೆ ಭ್ರಮೆ ಹುಟ್ಟಿಸುವುದಷ್ಟೇ ಅದರ ಸಾಮರ್ಥ್ಯ, ರಕ್ತಕ್ಕೆ ಒಂದು ಕಣ ಆಕ್ಸಿಜನ್ನೂ ಸೇರುವುದಿಲ್ಲ. ಆದರೂ ನೋಡಿ, ಬೆರಳಿಗೆ ಆಕ್ಸಿಮೀಟರ್, ಮೂಗಿಗೆ ಕರ್ಪೂರ, ಎರಡೂ ಒಬ್ಬನದೇ. ಯಂತ್ರ ಹೇಳಿದ್ದನ್ನೂ ನಂಬುತ್ತಾನೆ, ರೀಲ್ಸ್‌ನಲ್ಲಿ ಯಾರೋ ಹೇಳಿದ್ದನ್ನೂ ನಂಬುತ್ತಾನೆ, ಎರಡು ಒಂದಕ್ಕೊಂದು ತಾಳೆಯಾಗದಿದ್ದರೆ ಯಂತ್ರದ ಬ್ಯಾಟರಿ ಬದಲಿಸುತ್ತಾನೆ.

ನಂಬದಿರುವುದು ಒಬ್ಬನನ್ನೇ. ಅದೇ ಕಣಿವೆಯಲ್ಲಿ ಹುಟ್ಟಿ ಬೆಳೆದ ಗೈಡ್ ಹುಡುಗ ನಡುರಾತ್ರಿ ಎರಡಕ್ಕೆ ಟೆಂಟಿನಿಂದ ಹೊರಬಂದು, ನಕ್ಷತ್ರ ಮುಚ್ಚಿದ ಆಕಾಶ ನೋಡಿ, ‘ಆಜ್ ನಹೀ ಜಾಯೇಂಗೆ’ ಅನ್ನುತ್ತಾನೆ. ಶುರುವಾಗುತ್ತದೆ ವಾದ. ನಿನ್ನೆ ಮೈನಸ್ ಹತ್ತಿತ್ತು, ಇವತ್ತು ಎರಡೇ, ಇವತ್ತೇ ಒಳ್ಳೆಯ ದಿನವಲ್ಲವಾ? ಇಷ್ಟು ದುಡ್ಡು ಕಟ್ಟಿದ್ದೇವೆ, ರಜೆ ಹಾಕಿದ್ದೇವೆ, ಶಿಖರ ಮುಟ್ಟದೆ ಹೋಗುವುದಾ? ಅವನು ಹಟ ಬಿಡದಿದ್ದರೆ ಇವರು ಊರಿಗೆ ಬಂದು ಐದಕ್ಕೆ ಎರಡು ಸ್ಟಾರ್ ಕೊಡುತ್ತಾರೆ. ಅವನಿಗೆ ಮುಂದಿನ ತಂಡ ಸಿಗುವುದು ಆ ಸ್ಟಾರುಗಳ ಮೇಲೆ.